ಗಂಟು

ಗುಳೇದಗುಡ್ಡದಲ್ಲಿ ನನ್ನದು ರೇಷ್ಮೆ ತೂಗಿ ಮಾರುವ ಅಂಗಡಿ.
ಗುಂಜಿಯಷ್ಟು ಹೆಚ್ಚುಕಡಿಮೆಯಾದರೂ ನನ್ನ ಕಣ್ಣಿಗೆ ಗೊತ್ತಾಗುತ್ತದೆ.
ಅದಕ್ಕೇ ಚಿಗವ್ವ ತೀರಿಕೊಂಡ ಮೂರನೆಯ ದಿನ
ಟ್ರಂಕು ತೆಗೆಯಲು ಎಲ್ಲರೂ ನನ್ನನ್ನೇ ಕರೆದರು.

ಕರುಣಾಬಾಯಿ ಅಂತ ಹೆಸರು. ಕಂಡಿಕಿ ಸುತ್ತುವ ಕೆಲಸ.
ಸ್ವಂತ ಮಗ್ಗವಿಲ್ಲ, ಹೊಟ್ಟೆಯಲ್ಲಿ ಹುಟ್ಟಿದವರಿಲ್ಲ,
ಮಿಶನ್ ಕಂಪೌಂಡಿನ ಹಿಂದೆ
ಪರಸಿಕಲ್ಲು ಹಾಸಿದ ಒಂದೇ ಖೋಲಿ.
‘ಗಂಟು ಮಾಡ್ಯಾಳ ಮುದುಕಿ’ ಅನ್ನುತ್ತಿತ್ತು ಓಣಿ.
ಬೋರಮಾಳ ಇತ್ತಲ್ಲ ಕೊರಳಲ್ಲಿ, ಅವಳ ಅಜ್ಜಿಯದು,
ಅರಗಿನ ಮೇಲೆ ದಪ್ಪ ಬಂಗಾರದ ತಗಡು,
ನಲವತ್ತು ಗುಂಡು.
ಕೆಂಡದಂಥ ಏಪ್ರಿಲ್‌ನಲ್ಲೂ ಸೆರಗನ್ನು
ಗದ್ದದ ತನಕ ಎಳೆದು ಮುಚ್ಚಿಕೊಂಡೇ ಇರುತ್ತಿದ್ದಳು.

ಟ್ರಂಕಿನಲ್ಲಿ ಬೇವಿನೆಲೆ. ಆದರೂ ನುಸಿ ತಿಂದ ಶಾಲು.
ಕನ್ನಡಕದ ಒಂಟಿ ಕಾಲು. ಮೂಲೆ ಸವೆದ ಸತ್ಯವೇದ,
ಓದಿದ್ದು ಎಲ್ಲಿಗೆ ಬಂತೆಂಬ ಗುರುತಿಗೆ ಲೈಟ್ ಬಿಲ್ಲು.
ತಳದಲ್ಲಿ, ಅರಿವೆಯೊಳಗೆ, ಬೋರಮಾಳ.
ಮೈ ತೊಳೆದ ಹೆಂಗಸರು ಬಿಚ್ಚಿ ಇಟ್ಟಿದ್ದರು,
ಯಾರೊಬ್ಬರೂ ತುಟಿ ಬಿಚ್ಚಿರಲಿಲ್ಲ.

ದಾರ. ಬರೀ ದಾರ.
ನಟ್ಟನಡುವೆ ಒಂದೇ ಒಂದು ಗುಂಡು.
ಉಳಿದ ಕಡೆಯೆಲ್ಲ ರೇಷ್ಮೆಯ ಗಂಟು:
ಕೆಂಪು, ಗಿಳಿಹಸಿರು, ಅರಿಸಿನ, ಖಣದ ಬಣ್ಣಗಳೇ,
ಕಂಡಿಕಿ ಮುಗಿದಾಗ ಕೈಯಲ್ಲಿ ಉಳಿಯುವ
ಗೇಣುದ್ದದ ಎಳೆಗಳು.
ಎಣಿಸಿದೆ. ಮೂವತ್ತೊಂಬತ್ತು.

‘ಯಾರು ಕದ್ರು?’ ಅಂದೆ.
ಹೊಸ್ತಿಲಲ್ಲಿ ನಿಂತಿದ್ದ ಈರವ್ವ ಒಳಗೆ ಬಂದು
ಬೆರಳಿಟ್ಟು ತೋರಿಸಿದಳು:
‘ಈ ಮೂರು ಕೆಂಪು ನಮ್ಮ ಹುಡುಗನ ಹೊಟ್ಟಿ ಆಪರೇಶನ್ನು.
ಬಾಗಲಕೋಟಿ ದವಾಖಾನಿ.’
ಮಮ್ತಾಜಬಿಯ ಮನೆಯವು ಎರಡು ಹಸಿರು,
ಮಗ್ಗ ಹರಾಜಿಗೆ ಬಂದ ವರ್ಷದವು.
ನರ್ಸಿಂಗ್ ಕಲಿಯುವ ಹುಡುಗಿಯೊಬ್ಬಳು
ಅರಿಸಿನದ ಗಂಟನ್ನು ಮುಟ್ಟಿ, ಏನೂ ಹೇಳದೆ ಹೋದಳು.
ಸಂಜೆಯೊಳಗೆ ಹದಿನೇಳು ಗಂಟು ಬಾಯಿ ಬಿಟ್ಟವು.
ಉಳಿದವು ಬಿಡಲಿಲ್ಲ. ಚಿಗವ್ವನೇ ಹಾಗೆ,
ಎಡಗೈಗೂ ಸುದ್ದಿ ಮುಟ್ಟಿಸದ ಹೆಂಗಸು.

ಇದ್ದ ಒಂದನ್ನಾದರೂ ತೂಗಿ ಪಾಲು ಹಾಕೋಣವೆಂದು
ಅಂಗಡಿಯಿಂದ ತಕ್ಕಡಿ ತಂದೆ.
ಹಿತ್ತಾಳೆಯದು. ನನ್ನ ಇಪ್ಪತ್ತೆರಡನೆಯ ವಯಸ್ಸಿಗೆ
ಅಪ್ಪ ಹುಬ್ಬಳ್ಳಿಯಿಂದ ತಂದುಕೊಟ್ಟದ್ದು.
ಈರವ್ವ ನಕ್ಕಳು. ನಕ್ಕದ್ದಕ್ಕೆ ತಾನೇ ಹೆದರಿ
ಬಾಯಿಗೆ ಸೆರಗು ಹಿಡಿದಳು.
‘ನಿಮ್ಮಪ್ಪನ ಕಡೆ ಎಲ್ಲಿತ್ತೋ ಯಪ್ಪಾ ಅಷ್ಟು ರೊಕ್ಕ?
ಇಲ್ಲಿ ನೋಡು. ನೀಲಿ.’
ಕೊಕ್ಕೆಯ ಪಕ್ಕದಲ್ಲೇ ಇತ್ತು,
ಎಲ್ಲಕ್ಕೂ ಹಳೆಯದು, ಮೊಟ್ಟಮೊದಲು ಹಾಕಿದ್ದು,
ಮೂವತ್ತು ವರ್ಷದ ಬೆವರಿಗೆ ನೀಲಿಯೆಲ್ಲ ಹೋಗಿ
ಬೂದಿಯಾದದ್ದು.

ಆ ತಕ್ಕಡಿಯಲ್ಲಿ ಎಷ್ಟು ನೇಕಾರರ ರೇಷ್ಮೆಯನ್ನು
ಅರ್ಧ ಗ್ರಾಮು ಕಡಿಮೆ ತೂಗಿದ್ದೇನೋ, ದೇವರಿಗೆ ಗೊತ್ತು.
ಅವಳಿಗೂ ಗೊತ್ತಿತ್ತೇನೋ.
ಕಂಡಿಕಿ ಸುತ್ತುವವರ ಕೈಗೆ ತಾನೇ
ನೂಲು ಎಷ್ಟಿದೆಯೆಂದು ಮೊದಲು ತಿಳಿಯುವುದು!
ಒಮ್ಮೆಯೂ ಅಂದವಳಲ್ಲ. ಊಟಕ್ಕೆ ಕರೆದಾಗಲೆಲ್ಲ
ರೊಟ್ಟಿ ಬಡಿದು ನನಗೇ ಬಿಸಿಯದನ್ನು ಹಾಕುತ್ತಿದ್ದಳು.

ದಾರವನ್ನು ತಂಗಿ ರಾಹೇಲ ಕಟ್ಟಿಕೊಂಡಿದ್ದಾಳೆ.
ಇಳಕಲ್ಲ ಸೀರೆಯ ಮೇಲೆ, ಸೆರಗು ಸರಿಸಿ.
ಜನ ನೋಡುತ್ತಾರೆ. ನೋಡ್ಲಿ, ಅನ್ನುತ್ತಾಳೆ.
ಗುಂಡು ನನ್ನ ಹತ್ತಿರ ಉಳಿಯಿತು. ಯಾರೂ ಕೇಳಲಿಲ್ಲ.

ನಾಲ್ಕು ಭಾನುವಾರವಾಯಿತು.
ಕಾಣಿಕೆಯ ಚೀಲ ನನ್ನ ಸಾಲಿಗೆ ಬಂದಾಗ
ಕೈ ಕಿಸೆಗೆ ಇಳಿಯುತ್ತದೆ, ಗುಂಡನ್ನು ಮುಟ್ಟುತ್ತದೆ,
ಮೈಯ ಕಾವಿಗೆ ಬೆಚ್ಚಗಾಗಿರುತ್ತದೆ ಅದು,
ಹತ್ತರ ನೋಟು ಹಿಡಿದು ಕೈ ಮೇಲೆ ಬರುತ್ತದೆ.

ನಿನ್ನೆ ಅಂಗಡಿ ಮುಚ್ಚುವ ಮುಂಚೆ
ಕಸದಲ್ಲಿ ಬಿದ್ದಿದ್ದ ಕೆಂಪು ಎಳೆಯೊಂದನ್ನು ಎತ್ತಿಕೊಂಡೆ.
ಇಷ್ಟು ವರ್ಷ ರೇಷ್ಮೆ ತೂಗಿದ ಬೆರಳು ಇವು.
ಗಂಟು ಹಾಕಲು ನೋಡಿದೆ.
ಜಾರಿತು.